ಡಾಕ್ಟರು ನಡೆಯಿರಿ ಅನ್ನುತ್ತಾರೆ, ಶೂ ಕೂತಿರು ಅನ್ನುತ್ತದೆ

ಆರುಜೊತೆ

ಎಲ್ಲರಿಗೂ ನಮಸ್ಕಾರ. ನನಗೆ 54. ರುಮಟಾಯ್ಡ್ ಸಂಧಿವಾತ ಶುರುವಾಗಿ ಒಂಬತ್ತು ವರ್ಷ. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆಯೂ ಜೊತೆಗಿದೆ. ಡಾಕ್ಟರ ಹತ್ತಿರ ಯಾವಾಗ ಹೋದರೂ ಎದ್ದು ಬರುವಾಗ ಒಂದೇ ಮಾತು: "ನಡೆಯಿರಿ, ಎಲ್ಲಕ್ಕೂ ಒಳ್ಳೆಯದು." ಸರಿ, ನಡೆಯೋಣ. ಏನು ಹಾಕಿಕೊಂಡು?

ಮಂಚದ ಕೆಳಗೆ ಆರು ಜೊತೆ ಇವೆ. ಒಂದು ಹೆಬ್ಬೆರಳ ಬುಡದಲ್ಲಿ ಕಚ್ಚುತ್ತದೆ. ಇನ್ನೊಂದು ಬೆಳಿಗ್ಗೆ ಸರಿ ಇರುತ್ತದೆ, ಸಂಜೆ ಪಾದ ಊದಿಕೊಂಡ ಮೇಲೆ ಒಳಗೆ ಹೋಗುವುದೇ ಇಲ್ಲ. ಮೂರನೆಯದರ ಲೇಸ್ ಕಟ್ಟಲು ನನ್ನ ಕೈಬೆರಳು ಬಗ್ಗುವುದಿಲ್ಲ. ನಾಲ್ಕನೆಯದು ಅಂಗಡಿಯಲ್ಲಿ ಹತ್ತಿಯ ಮೇಲೆ ನಿಂತ ಹಾಗಿತ್ತು, ಎರಡು ತಿಂಗಳಿಗೆ ಚಪ್ಪಟೆಯಾಯಿತು. ಉಳಿದ ಎರಡರ ಬಗ್ಗೆ ಹೇಳಲು ಏನೂ ಇಲ್ಲ, ಬಣ್ಣ ನೋಡಿ ತೆಗೆದುಕೊಂಡಿದ್ದು. ಬರಿಗಾಲಲ್ಲಿ ನಡೆದರೆ ಬೆರಳುಗಳ ಬುಡದ ಕೆಳಗೆ ಜಲ್ಲಿಕಲ್ಲು ಸಿಕ್ಕಿಕೊಂಡ ಹಾಗೆ ನೋವು.

ಒಂದು ತಮಾಷೆ ಕೇಳಿ. ಹೋದ ವಾರ ಮಧ್ಯಾಹ್ನದಿಂದ ಸಂಜೆವರೆಗೂ ಶೂ ಹಾಕಿಕೊಂಡೇ ಓಡಾಡಿದೆ. ಬಿಚ್ಚಿದಾಗ ಒಳಗಿಂದ ಪೆನ್ನಿನ ಮುಚ್ಚಳ ಬಿತ್ತು! ಅಂಗಾಲಿನ ಮೇಲೆ ಅದರ ಕ್ಲಿಪ್ಪಿನ ಗುರುತು ಅಚ್ಚೊತ್ತಿದ ಹಾಗೆ ಇತ್ತು. ನನಗೆ ಗೊತ್ತೇ ಆಗಿರಲಿಲ್ಲ. ಮನೆಯವರೆಲ್ಲ ನಕ್ಕಿದ್ದೇ ನಕ್ಕಿದ್ದು.

ಇಂಥ ಕಾಲಿಗೆ ಯಾವ ಥರದ ಶೂ ಆಗುತ್ತದೆ? ಎಷ್ಟು ನಡೆಯಬೇಕು? ಅನುಭವ ಇದ್ದವರು ಹೇಳಿ.

ಹತ್ತುಸಾವಿರ

ಮೆತ್ತಗಿರುವ ಫೋಮ್ ಶೂ ತೆಗೆದುಕೊಳ್ಳಿ, ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಿ. ನನ್ನ ಬಿಪಿ ಅದರಲ್ಲೇ ಇಳಿಯಿತು. ಮೊದಲ ವಾರ ನೋವು ಇರುತ್ತದೆ, ತಡೆದುಕೊಳ್ಳಿ ಅಷ್ಟೇ.

ಹಿಮ್ಮಡಿಪುರಾಣ

ತಡೆದುಕೊಳ್ಳಿ ಅನ್ನುವ ಮಾತು ಕೇಳಿಯೇ ನಾನು ಏಳು ತಿಂಗಳು ಕಳೆದುಕೊಂಡೆ. ನನ್ನದು ಹಿಮ್ಮಡಿ ನೋವು. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೆ ಮೊಳೆ ಹೊಡೆದ ಹಾಗೆ. ನಾಲ್ಕು ಹೆಜ್ಜೆ ಆದಮೇಲೆ ಸ್ವಲ್ಪ ಬಿಡುತ್ತದೆ, ಕೂತು ಎದ್ದರೆ ಮತ್ತೆ ಅದೇ. ಮೆತ್ತಗಿನ ಶೂ ಹಾಕಿಕೊಂಡು ಹಟಕ್ಕೆ ನಡೆದೆ, ಜಾಸ್ತಿಯಾಯಿತು. ಅಂಗಡಿಯಲ್ಲಿ ಹೆಬ್ಬೆರಳಲ್ಲಿ ಒತ್ತಿ ನೋಡಿ "ಆಹಾ, ಎಷ್ಟು ಮೆತ್ತಗಿದೆ" ಅನ್ನುತ್ತೇವಲ್ಲ, ನಮ್ಮ ಮೈತೂಕ ಬಿದ್ದ ಮೇಲೆ ಅದರ ಕಥೆಯೇ ಬೇರೆ.

ಅಂದ ಹಾಗೆ, ಅಂಗಾಲಿನ ಕೆಳಗೆ ಬಾಟಲಿ ಉರುಳಿಸುವುದರಿಂದ ಯಾರಿಗಾದರೂ ಉಪಯೋಗ ಆಗಿದೆಯಾ?

ಕಾಲುನೋಡುವವ

ಆರುಜೊತೆ ಅವರೇ, ನಾನು ಫಿಸಿಯೋಥೆರಪಿಸ್ಟ್. ಶೂ, ನಡಿಗೆ ಎಲ್ಲ ಆಮೇಲೆ. ಮೊದಲು ಆ ಪೆನ್ನಿನ ಮುಚ್ಚಳದ ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ಅದು ನಗುವ ವಿಷಯ ಅಲ್ಲ.

ಸಕ್ಕರೆ ಕಾಯಿಲೆ ಇರುವವರ ಪಾದದ ನರಗಳು ನಿಧಾನವಾಗಿ ಮಂಕಾಗಬಹುದು. ಕೆಲವರಿಗೆ ಜೋಮು, ಉರಿ ಬಂದು ಗೊತ್ತಾಗುತ್ತದೆ. ಕೆಲವರಿಗೆ ಯಾವ ಸೂಚನೆಯೂ ಇರುವುದಿಲ್ಲ. ಸುಮ್ನೆ ಸ್ಪರ್ಶ ಹೋಗಿರುತ್ತದೆ. ಪಾದದ ಕೆಳಗೆ ಒಂದು ಮುಚ್ಚಳ ಅರ್ಧ ದಿನ ಇದ್ದೂ ಗೊತ್ತಾಗಲಿಲ್ಲ ಅಂದರೆ ಅದೇ ನಿಮ್ಮ ಸೂಚನೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಇಪ್ಸ್‌ವಿಚ್ ಟಚ್ ಟೆಸ್ಟ್ ಅಂತ ಅದರ ಹೆಸರು. ನೀವು ಕಣ್ಣು ಮುಚ್ಚಿ ಮಲಗಿ. ಮನೆಯವರೊಬ್ಬರು ತೋರುಬೆರಳಿನಿಂದ ನಿಮ್ಮ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಮುಟ್ಟಲಿ. ಎರಡೂ ಕಾಲು ಸೇರಿ ಆರು ಜಾಗ. ಒತ್ತಬಾರದು, ಕೆರೆಯಬಾರದು, ಗರಿ ತಾಗಿದ ಹಾಗೆ ತಾಗಬೇಕು. ಆರರಲ್ಲಿ ಎರಡು ಅಥವಾ ಅದಕ್ಕಿಂತ ಜಾಸ್ತಿ ಗೊತ್ತಾಗಲಿಲ್ಲ ಅಂದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಅಲ್ಲಿ ಮಾನೋಫಿಲಮೆಂಟ್ ಅಂತ ಒಂದು ನೈಲಾನ್ ಎಳೆ ಇರುತ್ತದೆ. 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತದೆ. ಅದು ಬಾಗುವಷ್ಟು ಒತ್ತಿದಾಗಲೂ ಗೊತ್ತಾಗದಿದ್ದರೆ ಆ ಪಾದವನ್ನು ಇನ್ನು ಕಣ್ಣೇ ಕಾಯಬೇಕು.

ಪಾಲ್ ಬ್ರ್ಯಾಂಡ್ ಅಂತ ಒಬ್ಬ ಸರ್ಜನ್ ಇದ್ದರು, 2003ರಲ್ಲಿ ತೀರಿಕೊಂಡರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದ ತಾವಾಗಿಯೇ ಕೊಳೆತು ಹೋಗುತ್ತವೆ ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ, ಹಾಗಲ್ಲ, ನೋವೇ ಗೊತ್ತಾಗದ್ದರಿಂದ ಸುಟ್ಟುಕೊಂಡು, ಸವೆಸಿಕೊಂಡು, ಗಾಯದ ಮೇಲೇ ನಡೆದು ಹಾಳಾಗುತ್ತವೆ ಅಂತ ತೋರಿಸಿದವರು ಅವರು. ಆಮೇಲೆ ಅದೇ ಪಾಠವನ್ನು ಸಕ್ಕರೆ ಕಾಯಿಲೆಯವರ ಪಾದಕ್ಕೂ ಹಚ್ಚಿದರು. ನಾವು ನೋವಿಗೆ ಶಾಪ ಹಾಕುತ್ತೇವೆ, ಅದು ಇಲ್ಲದ ಪಾದ ನೋಡಿದರೆ ಭಯವಾಗುತ್ತದೆ.

ಇವತ್ತಿನಿಂದಲೇ ಮೂರು ಕೆಲಸ. ಶೂ ಹಾಕುವ ಮುಂಚೆ ತಲೆಕೆಳಗೆ ಮಾಡಿ ಕೊಡವಿ, ಆಮೇಲೆ ಕೈ ಒಳಗೆ ಹಾಕಿ ತಡವಿ. ರಾತ್ರಿ ಎರಡೂ ಅಂಗಾಲು, ಬೆರಳ ಸಂದು ನೋಡಿ. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಿ. ಮನೆಯೊಳಗೂ ಬರಿಗಾಲು ಬೇಡ. ಬಿಸಿನೀರಲ್ಲಿ ಕಾಲು ಇಡುವುದು, ಬಿಸಿನೀರಿನ ಚೀಲ, ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಇವೆಲ್ಲ ಬಂದ್.

ಆರುಜೊತೆ

ಓದಿ ಕೈಕಾಲು ತಣ್ಣಗಾಯಿತು. ಮಗಳ ಹತ್ತಿರ ಈಗಷ್ಟೇ ಮುಟ್ಟಿಸಿದೆ. ಆರರಲ್ಲಿ ಮೂರು ಗೊತ್ತಾಯಿತು. ಅವಳು ಎಲ್ಲ ಮುಟ್ಟಿ ಮುಗಿಸಿದ ಮೇಲೂ ನಾನು "ಶುರು ಮಾಡು" ಅನ್ನುತ್ತಿದ್ದೆ.

ಆದರೆ ಒಂದು ಅರ್ಥ ಆಗುತ್ತಿಲ್ಲ. ನನಗೆ ಪಾದ ನೋಯುತ್ತದಲ್ಲ? ಮರಗಟ್ಟಿದ ಕಾಲು ನೋಯುವುದು ಹೇಗೆ?

ಕಾಲುನೋಡುವವ

ಎರಡೂ ಒಟ್ಟಿಗೆ ಇರಬಹುದು. ಒಳಗೆ ಕೀಲು ಊದಿಕೊಂಡು ನೋಯುತ್ತದೆ, ಹೊರಗೆ ಚರ್ಮಕ್ಕೆ ಮುಟ್ಟಿದ್ದು ತಿಳಿಯುವುದಿಲ್ಲ. ಇದೇ ದೊಡ್ಡ ಮೋಸ. ನೋವಿದೆ ಅಂದ ಮೇಲೆ ಸ್ಪರ್ಶವೂ ಇದೆ ಅಂದುಕೊಂಡುಬಿಡುತ್ತೇವೆ. ಡಾಕ್ಟರ ಅಪಾಯಿಂಟ್‌ಮೆಂಟ್ ಈ ವಾರವೇ ತೆಗೆದುಕೊಳ್ಳಿ. ಇನ್ನೊಂದು: ಒಂದೇ ಪಾದ ಬಿಸಿಯಾಗಿ, ಕೆಂಪಾಗಿ, ಊದಿಕೊಂಡು, ಅಷ್ಟೇನೂ ನೋವಿಲ್ಲ ಅಂದರೆ ಆ ಕಾಲು ಊರದೆ ಅವತ್ತೇ ಆಸ್ಪತ್ರೆಗೆ ಹೋಗಿ. ಶಾರ್ಕೋ ಪಾದ ಅಂತ ಇದೆ, ಮೂಳೆಗಳೇ ಕುಸಿಯುತ್ತವೆ. ಉಳುಕಿರಬೇಕು ಅಂತ ನಡೆದಾಡಿದವರನ್ನು ನೋಡಿದ್ದೇನೆ.

ಹತ್ತುಸಾವಿರ

ಕ್ಷಮಿಸಿ, ನಾನು ಮುಚ್ಚಳದ ಸಾಲನ್ನು ಓದಿ ನಕ್ಕು ಮುಂದೆ ಹೋಗಿದ್ದೆ.

ಹಳೇಅಟ್ಟೆ

ನನಗೆ 71. ಹೃದಯ ಸ್ವಲ್ಪ ದುರ್ಬಲ, ಹಾಗಾಗಿ ಪಾದ ಊದುತ್ತದೆ. ಶೂ ವಿಷಯದಲ್ಲಿ ಸಾಕಷ್ಟು ದುಡ್ಡು ಕಳೆದು ಕಲಿತಿದ್ದೇನೆ, ಪುಕ್ಕಟೆ ಹೇಳುತ್ತೇನೆ.

ಸಂಜೆ ಹೊತ್ತಿಗೆ, ಪಾದ ಊದಿಕೊಂಡಿರುವಾಗ, ಒಂದು ಬಿಳಿ ಹಾಳೆಯ ಮೇಲೆ ನಿಂತುಕೊಳ್ಳಿ. ಕೂತಲ್ಲ, ನಿಂತು. ತೂಕ ಬಿದ್ದಾಗ ಪಾದ ಅಗಲ ಆಗುತ್ತದೆ. ಬೇರೆ ಯಾರಾದರೂ ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಲಿ. ಎರಡೂ ಪಾದಕ್ಕೆ ಮಾಡಿ, ಯಾಕೆಂದರೆ ಎರಡೂ ಒಂದೇ ಅಳತೆ ಇರುವುದು ಅಪರೂಪ. ದೊಡ್ಡ ಪಾದಕ್ಕೇ ಶೂ ತೆಗೆದುಕೊಳ್ಳಬೇಕು. ಈಗ ಆ ಗೆರೆಯ ಮೇಲೇ ಕತ್ತರಿಸಿ, ಶೂ ಒಳಗಿನ ಹಾಸನ್ನು ಹೊರಗೆ ಎಳೆದು ಅದರ ಮೇಲೆ ಇಡಿ. ಹಾಳೆ ಹಾಸಿನಿಂದ ಆಚೆ ಎಲ್ಲಿ ಇಣುಕುತ್ತದೋ ಶೂ ಕಚ್ಚುವುದು ಅಲ್ಲೇ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಬೇಕು. ಉದ್ದನೆಯದು ಹೆಬ್ಬೆರಳೇ ಆಗಬೇಕಿಲ್ಲ, ನನ್ನದು ಎರಡನೆಯ ಬೆರಳು. ಅದು ಗೊತ್ತಿಲ್ಲದೆ ಮೂವತ್ತು ವರ್ಷ ಅದರ ಉಗುರನ್ನು ಕಪ್ಪು ಮಾಡಿಕೊಂಡಿದ್ದೆ. "ನನ್ನದು ಏಳನೇ ನಂಬರ್" ಅನ್ನುವುದನ್ನೂ ಬಿಡಿ. ವಯಸ್ಸಾದ ಹಾಗೆ ಪಾದದ ಕಮಾನು ಇಳಿದು ಪಾದ ಉದ್ದ, ಅಗಲ ಆಗುತ್ತದೆ. ಇಪ್ಪತ್ತೈದರ ನಂಬರ್ ಎಪ್ಪತ್ತಕ್ಕೆ ನಡೆಯುವುದಿಲ್ಲ.

ಆಮೇಲೆ ಶೂವನ್ನೇ ಪರೀಕ್ಷೆ ಮಾಡಿ. ಮುಂದಿನ ತುದಿ, ಹಿಂದಿನ ತುದಿ ಹಿಡಿದು ಬಗ್ಗಿಸಿ. ಬೆರಳು ಮಡಚುವ ಜಾಗದಲ್ಲಿ ಬಗ್ಗಬೇಕು. ನಡುವೆಯೇ ಪುಸ್ತಕದ ಹಾಗೆ ಮಡಚಿಕೊಂಡರೆ ಬಿಟ್ಟುಬಿಡಿ. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿ, ಪೂರ್ತಿ ತಿರುಚಿಕೊಂಡರೆ ಅದೂ ಬೇಡ. ಹಿಮ್ಮಡಿ ಕೂರುವ ಹಿಂಭಾಗವನ್ನು ಒತ್ತಿ, ಗಟ್ಟಿಯಾಗಿ ನಿಲ್ಲಬೇಕು.

ಲೇಸ್ ವಿಷಯ: ಕತ್ತರಿ ಹಾಕಿದ ಹಾಗೆ ಕಟ್ಟಿದರೆ ಊದಿದ ಪಾದದ ಮೇಲ್ಭಾಗಕ್ಕೆ ಒತ್ತುತ್ತದೆ. ನಡುವಿನ ಒಂದು ಜೊತೆ ತೂತು ಬಿಟ್ಟು ಏರಿಸಿ, ಆರಾಮಾಗುತ್ತದೆ. ನಿಮ್ಮ ಬೆರಳಿಗೆ ಮಾತ್ರ ಲೇಸೇ ಬೇಡ, ವೆಲ್‌ಕ್ರೋ ಪಟ್ಟಿ ಅಥವಾ ಎಲಾಸ್ಟಿಕ್ ಲೇಸ್ ನೋಡಿ. ಹಾಕಿಕೊಳ್ಳಲು ಉದ್ದ ಹಿಡಿಯ ಶೂ ಹಾರ್ನ್ ಇಟ್ಟುಕೊಳ್ಳಿ. ನನ್ನ ಹೆಂಡತಿ ಅದನ್ನು ನನ್ನ ರಾಜದಂಡ ಅನ್ನುತ್ತಾಳೆ.

ಊತದ ಬಗ್ಗೆ ಒಂದು ಮಾತು. ಎರಡೂ ಕಾಲು ಸಂಜೆ ಊದಿ ಬೆಳಿಗ್ಗೆ ಇಳಿದರೆ ಅದೊಂದು ಥರ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಶೂ ಹುಡುಕುತ್ತಾ ಕೂರಬೇಡಿ. ನನ್ನಂಥ ಹೃದಯದವರಿಗೆ ಎರಡು ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿದರೂ ಅಷ್ಟೇ, ಫೋನ್ ಎತ್ತಬೇಕು.

ಮಂಡಿಮಾತು

ಹಾಳೆ ಉಪಾಯ ನಾನೂ ಮಾಡಿದೆ. ಅಯ್ಯೋ ದೇವರೇ. ಇಷ್ಟು ದಿನ ಸಂಧಿವಾತವನ್ನು ಬೈಯುತ್ತಿದ್ದೆ.

ಆರುಜೊತೆ

ನಾನೂ ಮಾಡಿದೆ. ಆರು ಜೊತೆಯ ಹಾಸನ್ನೂ ಸಾಲಾಗಿ ನೆಲದ ಮೇಲೆ ಇಟ್ಟು ಒಂದೊಂದರ ಮೇಲೂ ಹಾಳೆಯ ಪಾದ ಇಟ್ಟು ನೋಡಿದೆ. ಎರಡರ ಹಾಸು ಅಂಟಿಸಿದ್ದು, ಕಿತ್ತೇಬಿಟ್ಟೆ. ಆರಕ್ಕೆ ಆರೂ ಕಿರಿದು. ಕಿರುಬೆರಳು ಎಲ್ಲದರಲ್ಲೂ ಪೂರ್ತಿ ಹೊರಗೆ. ಅಲ್ಲೇ ಬಾಗಿಲ ಹತ್ತಿರ ಮಗನ ಹಳೇ ಶೂ ಬಿದ್ದಿತ್ತು. ಅದರ ಹಾಸಿನ ಮೇಲೆ ನನ್ನ ಪಾದ ಸರಿಯಾಗಿ ಕೂತಿತು!

ಕಾಲುನೋಡುವವ

ಗಂಡಸರ ಶೂ ಸಾಮಾನ್ಯವಾಗಿ ಅಗಲ. ನಾಚಿಕೊಳ್ಳುವುದು ಬೇಡ, ಹಾಕಿಕೊಳ್ಳಿ. ಆದರೆ ಹಿಮ್ಮಡಿ ಸಡಿಲವಾಗಿ ಜಾರಬಾರದು. ಜಾರಿದರೆ ಗುಳ್ಳೆ ಏಳುತ್ತದೆ, ನಿಮಗೆ ಗೊತ್ತಾಗುವುದಿಲ್ಲ. ಹಳೇ ಶೂ ಆದ್ದರಿಂದ ಒಳಗೆ ಹೊಲಿಗೆ ಬಿಟ್ಟಿದೆಯಾ, ಮೊಳೆ ಎದ್ದಿದೆಯಾ ಅಂತಲೂ ತಡವಿ ನೋಡಿ.

ಜಲ್ಲಿಕಲ್ಲಿನ ನೋವಿಗೆ ಶೂ ಒಳಗೆ ಸಣ್ಣ ಪ್ಯಾಡ್ ಹಾಕುವುದುಂಟು. ಎಲ್ಲರೂ ಅದನ್ನು ನೋಯುವ ಜಾಗದ ಕೆಳಗೇ ಅಂಟಿಸುತ್ತಾರೆ, ತಪ್ಪು. ಅದಕ್ಕಿಂತ ತುಸು ಹಿಂದೆ, ಹಿಮ್ಮಡಿಯ ಕಡೆಗೆ ಇರಬೇಕು. ಆಗ ಭಾರ ಅಲ್ಲಿಗೆ ಹಂಚಿಹೋಗಿ ಮುಂದಿನ ಮೂಳೆಗಳಿಗೆ ಬಿಡುವು ಸಿಗುತ್ತದೆ. ನಿಮಗೆ ಸ್ಪರ್ಶವೂ ಕಡಿಮೆ, ಹಾಗಾಗಿ ನೀವೇ ಅಂಟಿಸಿಕೊಳ್ಳಬೇಡಿ, ಪಾದ ನೋಡಿ ಮಾಡಿಸಿಕೊಳ್ಳಿ. ತೊಟ್ಟಿಲಿನ ಹಾಗೆ ಮುಂದೆ ಬಾಗಿದ ಅಟ್ಟೆಯ ಶೂಗಳೂ ಇವೆ, ಬೆರಳು ಮಡಚದೆಯೇ ಹೆಜ್ಜೆ ಉರುಳುತ್ತದೆ. ಸಂಧಿವಾತದವರಿಗೆ ಒಳ್ಳೆಯದು, ಆದರೆ ಆಯ ತಪ್ಪುವವರಿಗೆ ಅಪಾಯ.

ಚಪ್ಪಲಿಯೇ ಬೇಕು ಅನ್ನುವವರು ಹಿಂದೆ ಪಟ್ಟಿ ಇರುವುದನ್ನೇ ಹಾಕಿ. ಪಟ್ಟಿ ಇಲ್ಲದಿದ್ದರೆ ಅದು ಬಿದ್ದುಹೋಗದ ಹಾಗೆ ಬೆರಳುಗಳೇ ಪ್ರತಿ ಹೆಜ್ಜೆಗೂ ಬಿಗಿಹಿಡಿಯಬೇಕು. ನೋಯುವ ಬೆರಳಿಗೆ ಅದು ದಿನವಿಡೀ ಪುಗಸಟ್ಟೆ ಕೂಲಿ.

ಮೆತ್ತಗಿನ ಫೋಮಿನ ಚರ್ಚೆಗೂ ಉತ್ತರ ಕೊಟ್ಟುಬಿಡುತ್ತೇನೆ. ಸ್ಪರ್ಶ ಇಲ್ಲದ ಪಾದಕ್ಕೆ ಒಳಗೆ ಮೆತ್ತನೆ ಹಾಸು ಬೇಕೇ ಬೇಕು. ಆದರೆ ಕೆಳಗಿನ ಅಟ್ಟೆ ಗಟ್ಟಿ ಇರಬೇಕು. ಪೂರ್ತಿ ಮೆತ್ತಗಿದ್ದರೆ ನೆಲ ಎಲ್ಲಿದೆ ಅಂತ ಕಾಲಿಗೆ ತಿಳಿಯುವುದಿಲ್ಲ, ವಯಸ್ಸಾದವರು ಬೀಳುತ್ತಾರೆ.

ಮಂಡಿಮಾತು

ವ್ಯಾಯಾಮದ ಬಗ್ಗೆ ನಾನು ಹೇಳಲಾ? ಎರಡೂ ಮಂಡಿ ಸವೆದಿವೆ. ನಡೆಯಲು ಆಗದೆ ಕುರ್ಚಿಯಿಂದ ಶುರು ಮಾಡಿದೆ. ಗಟ್ಟಿ ಕುರ್ಚಿ, ಗೋಡೆಗೆ ತಾಗಿಸಿ ಇಟ್ಟದ್ದು. ಕೈ ಊರದೆ ಎದ್ದು ನಿಲ್ಲುವುದು, ನಿಧಾನವಾಗಿ ಕೂರುವುದು. ಮೊದಲ ದಿನ ಎರಡು ಸಲ. ಅದೂ ದಿಂಬು ಹಾಕಿ ಕುರ್ಚಿ ಎತ್ತರ ಮಾಡಿಕೊಂಡು. ಈಗ ದಿಂಬು ಇಲ್ಲದೆ ಹತ್ತು. ಗುಟ್ಟು ಇರುವುದು ಕೂರುವುದರಲ್ಲಿ. ಧೊಪ್ಪನೆ ಕೂತರೆ ಏನೂ ಸಿಗುವುದಿಲ್ಲ, ಮನಸ್ಸಿನಲ್ಲಿ ನಾಲ್ಕು ಎಣಿಸುತ್ತಾ ಇಳಿಯಬೇಕು.

ಹಾಸಿಗೆಯಲ್ಲೇ ಮಾಡುವಂಥದ್ದು ಒಂದಿದೆ. ಮಂಡಿಯ ಕೆಳಗೆ ಸುತ್ತಿದ ಟವಲ್ ಇಟ್ಟು ಅದನ್ನು ಮಂಡಿಯಿಂದ ಕೆಳಗೆ ಒತ್ತಿ ಐದು ಸೆಕೆಂಡ್ ಹಿಡಿದು ಬಿಡುವುದು. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಯ ಭಾರ ಅದು ಹೊರುತ್ತದೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದಂತೆ. ಇದು ಗೊತ್ತಾದ ಮೇಲೆ ನಾನು ತಕ್ಕಡಿಯ ಮೇಲೆ ಸಿಟ್ಟಾಗುವುದನ್ನು ಬಿಟ್ಟೆ.

ಈಜುಕೊಳ ಸಿಕ್ಕಿದರೆ ನೀರಲ್ಲಿ ನಡೆಯಿರಿ, ಈಜು ಬರಬೇಕಿಲ್ಲ. ಸೊಂಟದವರೆಗಿನ ನೀರಲ್ಲಿ ಕಾಲಿಗೆ ಮೈತೂಕದ ಅರ್ಧದಷ್ಟೇ ಭಾರ. ಹೊರಗೆ ಬರುವಾಗ ಮಾತ್ರ ಆ ಅರ್ಧ ವಾಪಸ್ ಸಿಗುತ್ತದೆ, ಮೆಟ್ಟಿಲ ಕಂಬಿ ಹಿಡಿದುಕೊಳ್ಳಿ!

ಕಾಲುನೋಡುವವ

ಆರುಜೊತೆ ಅವರು ನೀರಲ್ಲೂ ಬರಿಗಾಲು ಬೇಡ, ನೀರಿನ ಶೂ ಇರಲಿ. ಪಾದದಲ್ಲಿ ಗಾಯ ಇದ್ದರೆ ಕೊಳವೇ ಬೇಡ.

ಹತ್ತುಸಾವಿರ

ಹಾಗಾದರೆ ನನ್ನ ಹೆಸರಿಗೆ ಅರ್ಥವೇ ಇಲ್ಲವಾ?

ಹಳೇಅಟ್ಟೆ

ಹತ್ತು ಸಾವಿರ ಅನ್ನುವುದು ಡಾಕ್ಟರು ಬರೆದುಕೊಟ್ಟ ಲೆಕ್ಕ ಅಲ್ಲ ಸ್ವಾಮಿ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರೇ ಮಾನ್‌ಪೋಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಅಲ್ಲಿಂದ ಹಬ್ಬಿದ್ದು. ನಿಮಗೆ ಆಗುತ್ತದೆ ಅಂದರೆ ಮಾಡಿ, ಯಾರು ಬೇಡ ಅಂದರು? ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150 ನಿಮಿಷ ಅನ್ನುತ್ತದೆ. ಮೊದಲು ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಅನ್ನುತ್ತಿದ್ದರು, 2020ರಲ್ಲಿ ಅದನ್ನೂ ಕೈಬಿಟ್ಟರು. ನನ್ನ ನಾಲ್ಕು ನಿಮಿಷಕ್ಕೂ ಈಗ ಬೆಲೆ ಬಂದಿದೆ.

ಅರೆಬ್ಯಾಟರಿ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನನ್ನದು ಎಂಇ, ದೀರ್ಘಕಾಲದ ಸುಸ್ತಿನ ಕಾಯಿಲೆ. ದಯವಿಟ್ಟು "ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಹೋಗಿ" ಅನ್ನುವುದನ್ನು ಎಲ್ಲರಿಗೂ ಹೇಳಬೇಡಿ. ನನ್ನಂಥವರಿಗೆ ಇವತ್ತು ಒಂದು ಸುತ್ತು ಜಾಸ್ತಿ ನಡೆದರೆ ಇವತ್ತು ಏನೂ ಆಗುವುದಿಲ್ಲ. ನಾಳೆಯೋ ನಾಡಿದ್ದೋ ಹಾಸಿಗೆ ಹಿಡಿಯುತ್ತೇವೆ. ಒಂದು ಸಲ ನಾನು ಹಾಗೆ ಮಲಗಿದವಳು ಹಲ್ಲುಜ್ಜಲು ಎದ್ದದ್ದು ನಾಲ್ಕನೇ ದಿನ. ಮುಂಚೆ ಇದಕ್ಕೂ ಹಂತಹಂತವಾಗಿ ಏರಿಸುವ ವ್ಯಾಯಾಮವನ್ನೇ ಬರೆದುಕೊಡುತ್ತಿದ್ದರು. ಇಂಗ್ಲೆಂಡಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಅದನ್ನು ಕೊಡಬೇಡಿ ಅಂತ ಹೇಳಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ನಮ್ಮ ವಿಷಯದಲ್ಲಿ ಅಕ್ಷರಶಃ ನಿಜ.

ಕಾಲುನೋಡುವವ

ನೀವು ಹೇಳಿದ್ದು ಸರಿ, ಇಲ್ಲಿ ಹೇಳಿದ್ದು ಒಳ್ಳೆಯದಾಯಿತು. ಒಂದೇ ನೋವಿನ ಮಾತಿಗೆ ಕಾಯಿಲೆ ಬದಲಾದರೆ ಅರ್ಥ ಬದಲಾಗುತ್ತದೆ. ಸಂಧಿವಾತದವರಿಗೆ ನಾನು ಹೇಳುವುದು: ವ್ಯಾಯಾಮ ಮಾಡಿ ಎರಡು ಗಂಟೆ ಆದಮೇಲೂ ಮುಂಚಿಗಿಂತ ಜಾಸ್ತಿ ನೋವಿದ್ದರೆ ಮುಂದಿನ ಸಲ ಕಡಿಮೆ ಮಾಡಿ. ಕೀಲು ಕೆಂಪಾಗಿ ಬಿಸಿಯಾಗಿರುವ ದಿನ ಸುಮ್ನೆ ಮೆಲ್ಲಗೆ ಆಡಿಸಿ, ಸಾಕು. ಅರೆಬ್ಯಾಟರಿ ಅವರಂಥವರಿಗೆ ಎರಡು ಗಂಟೆಯ ಲೆಕ್ಕ ನಡೆಯುವುದಿಲ್ಲ, ಎರಡು ಮೂರು ದಿನ ಕಾದು ನೋಡಬೇಕು. ಇನ್ನು ಕೆಲವರಿಗೆ ನಡೆದಾಗ ಮೀನಖಂಡ ಹಿಡಿದುಕೊಂಡು ನಿಂತರೆ ಬಿಡುತ್ತದೆ. ಅದು ರಕ್ತನಾಳ ಕಿರಿದಾದದ್ದಿರಬಹುದು. ಪರೀಕ್ಷೆ ಮಾಡಿಸಿದ ಮೇಲೆ ಅವರಿಗೆ ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದೇ ಚಿಕಿತ್ಸೆ! ಅವರು ಬಿಗಿ ಕಾಲುಚೀಲಗಳನ್ನು ಮಾತ್ರ ಕೇಳದೆ ಹಾಕಬಾರದು.

ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಮುಂಚೆ ಸಕ್ಕರೆ ನೋಡಿಕೊಳ್ಳಿ, ಜೇಬಲ್ಲಿ ಗ್ಲೂಕೋಸ್ ಇರಲಿ.

ಹಿಮ್ಮಡಿಪುರಾಣ ಅವರೇ, ನಿಮ್ಮ ಪ್ರಶ್ನೆ ಬಾಕಿ ಇತ್ತು. ನೀರು ತುಂಬಿ ಐಸ್ ಮಾಡಿದ ಬಾಟಲಿ ಉರುಳಿಸಿದರೆ ನೋವು ತಗ್ಗುತ್ತದೆ (ಸ್ಪರ್ಶ ಕಡಿಮೆ ಇರುವವರು ಬೇಡ). ಅದಕ್ಕಿಂತ ಮುಖ್ಯ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮುಂಚಿನ ಕೆಲಸ. ಬೆರಳುಗಳನ್ನು ಕೈಯಲ್ಲಿ ಹಿಡಿದು ಮೇಲಕ್ಕೆ ಎಳೆದು ಹತ್ತು ಎಣಿಸಿ, ಹತ್ತು ಸಲ. ಆಮೇಲೆ ಮಂಚದ ಪಕ್ಕದಲ್ಲೇ ಇಟ್ಟ ಚಪ್ಪಲಿಗೆ ಕಾಲು ಹಾಕಿ ಇಳಿಯಿರಿ. ತಿಂಗಳುಗಳ ಲೆಕ್ಕದಲ್ಲಿ ವಾಸಿಯಾಗುತ್ತದೆ, ವಾರಗಳ ಲೆಕ್ಕದಲ್ಲಿ ಅಲ್ಲ.

ಆರುಜೊತೆ (ಐದು ವಾರದ ನಂತರ)

ಎಲ್ಲರಿಗೂ ವರದಿ ಒಪ್ಪಿಸಬೇಕು. ನೈಲಾನ್ ಎಳೆಯ ಪರೀಕ್ಷೆ ಆಯಿತು. ಎಡ ಪಾದದಲ್ಲಿ ನಾಲ್ಕು ಜಾಗ, ಬಲದಲ್ಲಿ ಎರಡು ಜಾಗ ಗೊತ್ತಾಗಲಿಲ್ಲ. ಇಷ್ಟು ವರ್ಷ ಯಾರೂ ನನ್ನ ಸಾಕ್ಸ್ ಬಿಚ್ಚಿಸಿ ನೋಡಿರಲಿಲ್ಲ. ನಾನೂ ತೋರಿಸಿರಲಿಲ್ಲ ಅನ್ನಿ.

ಅಗಲ ಮುಂಭಾಗದ, ಎರಡು ವೆಲ್‌ಕ್ರೋ ಪಟ್ಟಿಯ ಶೂ ಬಂದಿದೆ. ನೋಡಲು ಎರಡು ಬ್ರೆಡ್ಡಿನ ಹಾಗಿದೆ. ಮೊದಲ ದಿನ ಒಂದೇ ಗಂಟೆ ಹಾಕು, ಬಿಚ್ಚಿ ನೋಡು, ಕೆಂಪಾದದ್ದು ಅರ್ಧ ಗಂಟೆಯಲ್ಲಿ ಹೋಗದಿದ್ದರೆ ವಾಪಸ್ ತಾ ಅಂದಿದ್ದರು. ಕಿರುಬೆರಳ ಪಕ್ಕ ಕೆಂಪಾಗಿತ್ತು. ನಾನು ಗಡಿಯಾರ ಹಿಡಿದು ಕೂತೆ. ಇಪ್ಪತ್ತು ನಿಮಿಷಕ್ಕೆ ಹೋಯಿತು.

ನಡಿಗೆ ಆರು ನಿಮಿಷ, ದಿನಕ್ಕೆ ಎರಡು ಸಲ. ಕುರ್ಚಿ ಐದು ಸಲ. ಹೋದ ಶನಿವಾರ ಹುಮ್ಮಸ್ಸಿನಲ್ಲಿ ಹದಿನೈದು ನಿಮಿಷ ನಡೆದೆ, ಭಾನುವಾರ ಬೆಳಿಗ್ಗೆ ಕೈಕಾಲು ಬಿಡಿಸಿಕೊಳ್ಳಲು ಒಂದೂವರೆ ಗಂಟೆ ಬೇಕಾಯಿತು. ಸೋಮವಾರ ಮತ್ತೆ ಆರಕ್ಕೆ ಬಂದೆ. ಜಲ್ಲಿಕಲ್ಲು ಹೋಗಿಲ್ಲ, ಸ್ವಲ್ಪ ಸಣ್ಣ ಜಲ್ಲಿ ಆಗಿದೆ.

ಶೂ ಕೊಡವುವುದು ಈಗ ಮನೆಯವರಿಗೆಲ್ಲ ಅಭ್ಯಾಸ. ನಿನ್ನೆ ಮಗಳ ಶೂನಿಂದ ಒಂದು ಕಿವಿಯೋಲೆ ಬಿತ್ತು. ಎರಡು ತಿಂಗಳಿಂದ ಹುಡುಕುತ್ತಿದ್ದಳು.

ಹಿಮ್ಮಡಿಪುರಾಣ

ಮಗನ ಶೂ ಏನಾಯಿತು?

ಆರುಜೊತೆ

ವಾಪಸ್ ಕೇಳಿದ. ಕೊಡಲಿಲ್ಲ. ಮನೆಯೊಳಗೆ ಅದೇ.